ಓಟಗಾರರ ಕಾಲು ನೋವು: ಶೂ, ಹೆಜ್ಜೆ, ಆರೈಕೆ



ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬರುತ್ತಿದೆ. ದಿನಾ ಸಾಯಂಕಾಲ ಮೈದಾನದಲ್ಲಿ ಓಟದ ಅಭ್ಯಾಸ ನಡೆಯುತ್ತಿದೆ. ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ನೋಡಿದರೆ ನಮ್ಮಲ್ಲಿ ಸುಮಾರು ಜನ ಕಾಲು ಎಳೆಯುತ್ತಾ ಬರುತ್ತಾರೆ. ಕೇಳಿದರೆ "ಏನಿಲ್ಲ ಬಿಡು" ಅಂತಾರೆ. ನೋವು ಅಂತ ಬಾಯಿ ಬಿಟ್ಟರೆ ತಂಡದಿಂದ ಹೆಸರು ತೆಗೆದುಬಿಡ್ತಾರೆ ಅನ್ನೋ ಭಯ. ನಾನೂ 1500 ಮೀಟರ್ ಓಡುವವನೇ, ಆದ್ದರಿಂದ ಆ ಭಯ ನನಗೂ ಗೊತ್ತು. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಈ ವಿಷಯವನ್ನೇ ಆರಿಸಿಕೊಂಡೆ.

1. ನೋವು ಯಾಕೆ ಬರುತ್ತದೆ?

ಮೊದಲು ಒಂದು ಲೆಕ್ಕ ಮಾಡೋಣ. ನಾವು ಓಡುವಾಗ ಪಾದ ನೆಲಕ್ಕೆ ತಾಗಿದ ಪ್ರತಿ ಸಲವೂ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. 40 ಕಿಲೋ ತೂಕದ ಹುಡುಗ ಎಂದುಕೊಳ್ಳಿ. ಒಂದೊಂದು ಹೆಜ್ಜೆಗೂ 80ರಿಂದ 120 ಕಿಲೋ, ಅಂದರೆ ಹೆಚ್ಚು ಕಡಿಮೆ ಒಂದು ಕ್ವಿಂಟಾಲ್ ರಾಗಿ ಮೂಟೆಯ ಭಾರ! ಹೆಜ್ಜೆ 1 ಮೀಟರ್ ಎಂದಿಟ್ಟುಕೊಂಡರೆ 1500 ಮೀಟರ್ ಓಟಕ್ಕೆ 1500 ಹೆಜ್ಜೆ, ಒಂದೊಂದು ಕಾಲಿಗೆ 750 ಸಲ.

ಇಷ್ಟು ಭಾರ ಬಿದ್ದರೂ ಕಾಲು ಮುರಿಯುವುದಿಲ್ಲ. ಯಾಕೆಂದರೆ ನಮ್ಮ ಮೂಳೆ ಸತ್ತ ಕಟ್ಟಿಗೆಯಲ್ಲ, ಜೀವ ಇರುವ ವಸ್ತು. ಭಾರ ಬಿದ್ದ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಸವೆತ ಆಗುತ್ತದೆ. ವಿಶ್ರಾಂತಿ ಸಿಕ್ಕಾಗ ದೇಹ ಅದನ್ನು ತುಂಬಿ ಮೊದಲಿಗಿಂತ ಗಟ್ಟಿ ಮಾಡುತ್ತದೆ. ಗದ್ದೆಯ ಬದು ಇದ್ದ ಹಾಗೆ. ನೀರು ಸ್ವಲ್ಪ ಕೊರೆದರೆ ಅಪ್ಪ ಮಣ್ಣು ಹಾಕಿ ಮೆಟ್ಟುತ್ತಾರೆ, ಬದು ಗಟ್ಟಿಯಾಗುತ್ತದೆ. ಮಣ್ಣು ಹಾಕಲು ಸಮಯವೇ ಕೊಡದೆ ಮತ್ತೆ ಮತ್ತೆ ನೀರು ನುಗ್ಗಿದರೆ ಒಂದು ದಿನ ಬದು ಒಡೆಯುತ್ತದೆ.

ನಮ್ಮ ಕಡೆ ಆಗುವುದೂ ಇದೇ. ಏಪ್ರಿಲ್, ಮೇ ಎರಡು ತಿಂಗಳು ರಜೆ, ಓಟ ಇಲ್ಲ. ಜೂನ್, ಜುಲೈನಲ್ಲಿ ಪಾಠ, ಮಳೆ. ಕ್ರೀಡಾಕೂಟಕ್ಕೆ ಹದಿನೈದು ದಿನ ಇದೆ ಎನ್ನುವಾಗ ಒಮ್ಮೆಗೇ ದಿನಕ್ಕೆ ಹತ್ತು ಹದಿನೈದು ಸುತ್ತು! ಮೂಳೆಗೆ, ಸ್ನಾಯುವಿಗೆ ಗಟ್ಟಿಯಾಗಲು ಸಮಯವೇ ಸಿಗುವುದಿಲ್ಲ. ಕಾಲು ನೋವಿಗೆ ಮೊದಲನೇ ಕಾರಣ ಕಾಲಿನ ಬಲಹೀನತೆ ಅಲ್ಲ, ಅವಸರ.

2. ಎಲ್ಲಿ ನೋವು, ಏನು ಅರ್ಥ?

ಕಣಕಾಲಿನ ಒಳಬದಿ: ಮಂಡಿಯ ಕೆಳಗೆ ಮುಂದೆ ಇರುವ ಮೂಳೆಯ ಒಳ ಅಂಚಿನಲ್ಲಿ, ಕೆಳಭಾಗದಲ್ಲಿ, ಒಂದು ಗೇಣಿನಷ್ಟು ಉದ್ದಕ್ಕೆ ನೋಯುತ್ತದೆ. ಹೊಸದಾಗಿ ಓಡಲು ಶುರು ಮಾಡಿದವರಲ್ಲಿ ಇದು ಹೆಚ್ಚು. ಓಟ ಕಡಿಮೆ ಮಾಡಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಮಂಡಿ ಚಿಪ್ಪಿನ ಕೆಳಗಿನ ಉಬ್ಬು: ನಮ್ಮಂಥ ಬೆಳೆಯುವ ವಯಸ್ಸಿನ ಮಕ್ಕಳಿಗೇ ಬರುವ ನೋವು ಇದು. ತೊಡೆಯ ದೊಡ್ಡ ಸ್ನಾಯು ಮಂಡಿಯ ಕೆಳಗಿನ ಮೂಳೆಗೆ ಅಂಟಿಕೊಂಡಿರುವ ಜಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಓಡಿದಾಗ, ಜಿಗಿದಾಗ ಸ್ನಾಯು ಅದನ್ನು ಎಳೆಯುತ್ತದೆ.

ಹಿಮ್ಮಡಿಯ ಹಿಂಭಾಗ: 8ರಿಂದ 14 ವರ್ಷದ ಮಕ್ಕಳಲ್ಲಿ ಇದೂ ಬೆಳವಣಿಗೆಯ ನೋವೇ ಆಗಿರಬಹುದು. ಇವೆರಡೂ ಮೂಳೆ ಬೆಳೆದು ಮುಗಿದ ಮೇಲೆ ಸಾಮಾನ್ಯವಾಗಿ ತಾವೇ ಹೋಗುತ್ತವೆ. ಅಲ್ಲಿಯವರೆಗೆ ನೋಯುವ ದಿನ ಓಟ, ಜಿಗಿತ ಕಡಿಮೆ ಮಾಡಬೇಕು.

ಅಂಗಾಲಿನ ಹಿಮ್ಮಡಿ ಕಡೆ: ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಚುಚ್ಚಿದಂತೆ ನೋಯುತ್ತದೆ, ನಡೆದಾಡಿದ ಮೇಲೆ ಕಡಿಮೆಯಾಗುತ್ತದೆ. ದಿನವಿಡೀ ನಿಂತು ಕೆಲಸ ಮಾಡುವ ದೊಡ್ಡವರಲ್ಲೂ ಇದನ್ನು ನೋಡುತ್ತೇವೆ.

ಒಂದೇ ಬೆರಳ ತುದಿಯಷ್ಟು ಜಾಗ: ಇದು ಎಲ್ಲಕ್ಕಿಂತ ಎಚ್ಚರಿಕೆಯ ನೋವು. ಮೂಳೆಯ ಮೇಲೆ ಒಂದೇ ಕಡೆ ಒತ್ತಿದರೆ ಪ್ರಾಣ ಹೋದಂತಾಗುತ್ತದೆ, ಸುಮ್ಮನೆ ಕೂತಾಗಲೂ ರಾತ್ರಿ ಮಲಗಿದಾಗಲೂ ನೋಯುತ್ತದೆ ಎಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಓಟ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

3. ನಮ್ಮ ಅಕ್ಕನ ವಿಷಯ

ಇದನ್ನು ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಕ್ಕ ಹೈಸ್ಕೂಲಿನಲ್ಲಿದ್ದಾಗ 800 ಮೀಟರ್ ಓಡುತ್ತಿದ್ದಳು. ಎಡಗಾಲಿನ ಮೂಳೆಯಲ್ಲಿ ಒಂದೇ ಕಡೆ ನೋವು ಶುರುವಾಯಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ "ಹೆಣ್ಣು ಹುಡುಗಿಗೆ ಈ ಓಟ ಯಾಕೆ ಬೇಕಿತ್ತು" ಅಂತ ನಿಲ್ಲಿಸಿಬಿಡ್ತಾರೆ ಅಂತ ಗೊತ್ತಿತ್ತು. ನೋವಿನ ಮುಲಾಮು ಹಚ್ಚಿಕೊಂಡು ಓಡಿದಳು. ಕೊನೆಗೆ ಮನೆಯ ಮೆಟ್ಟಿಲು ಹತ್ತಲೂ ಆಗದಂತಾಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಏನೂ ಕಾಣಲಿಲ್ಲ. "ನೋಡು, ಏನೂ ಇಲ್ವಂತೆ" ಅಂದರು ನೆಂಟರು. ಆದರೆ ಡಾಕ್ಟರಮ್ಮ, ಇಂಥ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಓಡಬೇಡ, ಮೂರು ವಾರ ಬಿಟ್ಟು ಬಾ ಎಂದರು. ಎರಡನೇ ಎಕ್ಸ್‌ರೇಯಲ್ಲಿ ಬಿರುಕು ಕಂಡಿತು. ಆ ವರ್ಷದ ಕ್ರೀಡಾಕೂಟಕ್ಕೆ ಅವಳು ಹೋಗಲಾಗಲಿಲ್ಲ.

ಡಾಕ್ಟರಮ್ಮ ಅಪ್ಪನನ್ನು ಕೂರಿಸಿಕೊಂಡು ಹೇಳಿದ ಮಾತು ಮುಖ್ಯವಾದದ್ದು. ಓಡಿದ್ದು ತಪ್ಪಲ್ಲ, ಊಟ ಸಾಲದೆ, ವಿಶ್ರಾಂತಿ ಇಲ್ಲದೆ ಓಡಿದ್ದು ತೊಂದರೆ ಎಂದರು. ಓಡುವ ಹುಡುಗಿಯರು ಹೊಟ್ಟೆ ತುಂಬ ತಿನ್ನದಿದ್ದರೆ ಮುಟ್ಟು ತಪ್ಪಬಹುದು, ಮೂಳೆಯೂ ಸೊರಗುತ್ತದೆ, ಅದನ್ನು ನಾಚಿಕೆಯಿಲ್ಲದೆ ತಾಯಿಗೋ ಟೀಚರಿಗೋ ಹೇಳಬೇಕು ಎಂದೂ ತಿಳಿಸಿದರು. ನಮ್ಮ ಮನೆಯ ರಾಗಿ ಮುದ್ದೆ ಈ ವಿಷಯದಲ್ಲಿ ದೊಡ್ಡ ಔಷಧಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕ ಈಗ ಕಾಲೇಜಿನಲ್ಲಿ ಮತ್ತೆ ಓಡುತ್ತಿದ್ದಾಳೆ. ಅಪ್ಪನೇ ಬಸ್ಸು ಹತ್ತಿಸಿ ಕಳಿಸುತ್ತಾರೆ.

4. ಕಾಲಿಗೆ ಏನು ಹಾಕಬೇಕು?

ಬರಿಗಾಲೋ ಶೂವೋ ಎಂಬ ಜಗಳ ನಮ್ಮಲ್ಲಿ ದಿನಾ ಇದೆ. ಇಥಿಯೋಪಿಯಾ ದೇಶದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 42 ಕಿಲೋಮೀಟರಿಗೂ ಹೆಚ್ಚಿನ ಮ್ಯಾರಥಾನ್ ಓಟವನ್ನು ಬರಿಗಾಲಲ್ಲಿ ಓಡಿ ಚಿನ್ನ ಗೆದ್ದರು. 2 ಗಂಟೆ 15 ನಿಮಿಷ 16 ಸೆಕೆಂಡು ಹಿಡಿಯಿತು. ಅವರೇ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಚಿನ್ನ ಗೆದ್ದರು. ಬರಿಗಾಲೂ ಸರಿ, ಶೂವೂ ಸರಿ, ಕಾಲಿಗೆ ಅಭ್ಯಾಸ ಇರಬೇಕು ಅಷ್ಟೆ. ವರ್ಷವೆಲ್ಲಾ ಬರಿಗಾಲಲ್ಲಿ ಓಡಿ ಸ್ಪರ್ಧೆಯ ದಿನ ಹೊಸ ಶೂ ಹಾಕುವುದು, ವರ್ಷವೆಲ್ಲಾ ಶೂ ಹಾಕಿ ಒಂದೇ ದಿನಕ್ಕೆ ಬರಿಗಾಲಾಗುವುದು, ಎರಡೂ ಕೂಡದು. ಬದಲಾಯಿಸುವುದಾದರೆ ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಬೇಕು.

ಬರಿಗಾಲಲ್ಲಿ ಓಡುವವರು ಮೊದಲು ಮೈದಾನವನ್ನು ನಡೆದು ನೋಡಿ ಮುಳ್ಳು, ಗಾಜು, ಮೊಳೆ ಆರಿಸಬೇಕು. ಗಾಯವಾದರೆ ಸೋಪು ನೀರಿನಲ್ಲಿ ತೊಳೆಯಬೇಕು. 10 ಮತ್ತು 16ನೇ ವರ್ಷಕ್ಕೆ ಹಾಕಿಸಬೇಕಾದ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಮನೆಯಲ್ಲಿ ಕೇಳಿ.

ಹವಾಯಿ ಚಪ್ಪಲಿಯಲ್ಲಿ ಓಡಲೇಬೇಡಿ. ಅದು ಜಾರದ ಹಾಗೆ ಬೆರಳುಗಳು ಬಿಗಿ ಹಿಡಿಯಬೇಕಾಗುತ್ತದೆ, ಮುಗ್ಗರಿಸುವುದೂ ಸುಲಭ. ಅಣ್ಣನ ದೊಡ್ಡ ಶೂಗೆ ಬಟ್ಟೆ ತುರುಕಿ ಹಾಕಿಕೊಂಡರೆ ಪಾದ ಒಳಗೆ ಜಾರಿ ಬೊಬ್ಬೆ ಏಳುತ್ತದೆ. ಹೊಸ ಶೂ ಕೊಳ್ಳುವುದಾದರೆ ಸಾಯಂಕಾಲ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಸಾಕ್ಸ್ ಹಾಕಿ ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ಹಿಮ್ಮಡಿ ಮೇಲೆ ಕೆಳಗೆ ಆಡಬಾರದು. ಶೂ ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಅಲ್ಲ. ದುಬಾರಿ ಶೂ ಹಾಕಿದರೆ ನೋವೇ ಬರುವುದಿಲ್ಲ ಎಂದು ಯಾವ ಸಂಶೋಧನೆಯೂ ಖಚಿತವಾಗಿ ತೋರಿಸಿಲ್ಲ. ಆದ್ದರಿಂದ ಅಪ್ಪನ ಹತ್ತಿರ ಹಟ ಮಾಡಬೇಡಿ. ಕಾಲಿಗೆ ಹಿತವಾಗಿದ್ದರೆ ಅದೇ ಒಳ್ಳೆಯ ಶೂ.

5. ಹೆಜ್ಜೆ ಹೇಗಿರಬೇಕು?

ಉದ್ದ ಹೆಜ್ಜೆ ಇಟ್ಟರೆ ಬೇಗ ಮುಟ್ಟುತ್ತೇವೆ ಎಂದು ನಾವು ಕಾಲನ್ನು ಮುಂದಕ್ಕೆ ಚಾಚಿ ಚಾಚಿ ಓಡುತ್ತೇವೆ. ಮಂಡಿ ನೆಟ್ಟಗಿದ್ದು ಪಾದ ದೇಹಕ್ಕಿಂತ ಬಹಳ ಮುಂದೆ ಬಿದ್ದರೆ ಅದು ಬ್ರೇಕ್ ಹಾಕಿದ ಹಾಗೆ. ವೇಗವೂ ಕಡಿಮೆ, ಪೆಟ್ಟೂ ಮಂಡಿಗೆ. ಪಾದ ನಮ್ಮ ಸೊಂಟದ ಹತ್ತಿರವೇ ಕೆಳಗೆ ಬೀಳಬೇಕು, ಮಂಡಿ ಸ್ವಲ್ಪ ಬಾಗಿರಬೇಕು.

ಇದಕ್ಕೆ ಸುಲಭ ಉಪಾಯ ಹೆಜ್ಜೆ ಎಣಿಸುವುದು. ಗೆಳೆಯನೊಬ್ಬ ಗಡಿಯಾರ ಹಿಡಿದು ನಿಲ್ಲಲಿ. ಒಂದು ನಿಮಿಷದಲ್ಲಿ ಬಲಗಾಲು ಎಷ್ಟು ಸಲ ನೆಲಕ್ಕೆ ಬಿತ್ತು ಎಂದು ಎಣಿಸಿ ಎರಡರಿಂದ ಗುಣಿಸಿ. ಉದಾಹರಣೆಗೆ 75 ಬಂದರೆ ಒಟ್ಟು 150 ಹೆಜ್ಜೆ. ಅದೇ ವೇಗದಲ್ಲಿ ಹೆಜ್ಜೆಗಳನ್ನು ನೂರಕ್ಕೆ 5ರಿಂದ 10ರಷ್ಟು ಹೆಚ್ಚಿಸಿದರೆ, ಅಂದರೆ 158ರಿಂದ 165 ಮಾಡಿದರೆ, ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ ಎಂದು 2011ರಲ್ಲಿ ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದಾರೆ.

ಇನ್ನೊಂದು ಪರೀಕ್ಷೆ ಕಿವಿಯದು. ಓಡುವಾಗ ದಪ ದಪ ಸದ್ದು ಬಂದರೆ ಪೆಟ್ಟು ಜೋರಾಗಿದೆ ಎಂದು ತಿಳಿಯಿರಿ. ಮಳೆ ಬಂದು ನಿಂತ ಮೇಲೆ ಹಸಿ ಮಣ್ಣಿನಲ್ಲಿ ಓಡಿ ಹೆಜ್ಜೆ ಗುರುತನ್ನೂ ನೋಡಬಹುದು. ಹಿಮ್ಮಡಿ ಆಳವಾಗಿ ಹೂತಿದ್ದರೆ ಹೆಜ್ಜೆ ಚಿಕ್ಕದು ಮಾಡಿ. ಆದರೆ ಬೇಕೆಂದೇ ತುದಿಗಾಲಲ್ಲಿ ಓಡಲು ಹೋಗಬೇಡಿ. ಆಗ ಭಾರ ಮೀನಖಂಡಕ್ಕೆ, ಹಿಮ್ಮಡಿಯ ಹಿಂದಿನ ನರದಂಥ ಹುರಿಗೆ ಹೋಗಿ ಅಲ್ಲಿ ಹೊಸ ನೋವು ಬರುತ್ತದೆ.

ಮೈದಾನವನ್ನು ದಿನಾ ಒಂದೇ ದಿಕ್ಕಿಗೆ ಸುತ್ತಬೇಡಿ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಸುತ್ತಿ. ಟಾರು ರಸ್ತೆಗಿಂತ ಸಮನಾದ ಮಣ್ಣಿನ ದಾರಿ ಒಳ್ಳೆಯದು.

6. ನೋವಾದಾಗ ಏನು ಮಾಡಬೇಕು?

ಕಾಲು ಉಳುಕಿದರೆ ನಮ್ಮ ಊರಿನಲ್ಲಿ ಎಣ್ಣೆ ಹಚ್ಚಿ ತಿಕ್ಕಿ ಉಳುಕು ತೆಗೆಸುತ್ತಾರೆ, ಬಿಸಿನೀರು ಕಾಸುತ್ತಾರೆ. ಅಜ್ಜಿಯಂದಿರ ಪ್ರೀತಿ ದೊಡ್ಡದು. ಆದರೆ ಮೊದಲ ಎರಡು ಮೂರು ದಿನ ತಿಕ್ಕಿದರೂ ಕಾಸಿದರೂ ಬಾವು ಹೆಚ್ಚಾಗಬಹುದು. ಆ ದಿನಗಳಲ್ಲಿ ಹೀಗೆ ಮಾಡಿ:

• ಓಟ ನಿಲ್ಲಿಸಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ.
• ಅಗಲ ಬಟ್ಟೆ ಪಟ್ಟಿ ಸುತ್ತಿ. ಬೆರಳು ಜೋಮು ಹಿಡಿಯುವಷ್ಟು ಬಿಗಿ ಬೇಡ.
• ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಅಥವಾ ತಣ್ಣೀರು ಬಟ್ಟೆಯನ್ನು 10-15 ನಿಮಿಷ ಇಡಿ. ಐಸನ್ನು ನೇರ ಚರ್ಮಕ್ಕೆ ಇಡಬಾರದು.

ಐಸ್ ಬಗ್ಗೆ ಒಂದು ವಿಷಯ. ವಿಶ್ರಾಂತಿ, ಐಸ್, ಪಟ್ಟಿ, ಎತ್ತರ ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ತಮ್ಮ ಪುಸ್ತಕದಲ್ಲಿ ಹೇಳಿದ್ದರು. ಅವರೇ 2014ರಲ್ಲಿ, ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನ ಮಾಡಬಹುದು ಎಂದು ತಿದ್ದಿಕೊಂಡರು. ಆದ್ದರಿಂದ ಐಸ್ ನೋವು ತಗ್ಗಿಸಲು ಮಾತ್ರ. ಎರಡು ಮೂರು ದಿನ ಕಳೆದ ಮೇಲೆ ನೋವಾಗದಷ್ಟು ಪಾದ ಆಡಿಸುತ್ತಾ, ನಡೆಯುತ್ತಾ ಬರಬೇಕು.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಕೆನಡಾ ದೇಶದ ಒಟ್ಟಾವಾ ನಗರದ ಡಾಕ್ಟರುಗಳು 1992ರಲ್ಲಿ ಒಂದು ಸುಲಭ ನಿಯಮ ಮಾಡಿದರು. ಪಾದದ ಕೀಲು ಉಳುಕಿದಾಗ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಅಥವಾ ಕೀಲಿನ ಎರಡು ಬದಿಯ ಗಂಟು ಮೂಳೆಗಳ ಹಿಂದಿನ ಅಂಚನ್ನು ಒತ್ತಿದರೆ ನೋವಾದರೆ, ಎಕ್ಸ್‌ರೇ ಬೇಕು. ಪಾದದ ಮೂಳೆಗಳನ್ನು ಒತ್ತಿದಾಗ ನೋವಾದರೂ ತೋರಿಸುವುದೇ ಒಳ್ಳೆಯದು. ಆಗ ಕಾಯದೆ ಆಸ್ಪತ್ರೆಗೆ ಹೋಗಿ.

ನೋವಿನ ಮಾತ್ರೆ ನುಂಗಿ ಓಡುವುದು ಬೇಡವೇ ಬೇಡ. ನೋವು ಎಂದರೆ ಮನೆ ಕಾಯುವ ನಾಯಿ ಬೊಗಳಿದ ಹಾಗೆ. ನಾಯಿಯ ಬಾಯಿ ಕಟ್ಟಿದರೆ ಕಳ್ಳ ಹೋಗುವುದಿಲ್ಲ.

7. ಮತ್ತೆ ಓಡುವುದು ಹೇಗೆ?

ಮೊದಲು ಅರ್ಧ ಗಂಟೆ ನೋವಿಲ್ಲದೆ ಬಿರುಸಾಗಿ ನಡೆಯಲು ಬರಬೇಕು. ಆಮೇಲೆ 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ, ಹೀಗೆ ಐದಾರು ಸಲ, ದಿನ ಬಿಟ್ಟು ದಿನ. ನೋವಿಗೆ 10ಕ್ಕೆ ಅಂಕ ಕೊಡಿ. 2ರವರೆಗೆ ಇದ್ದು ಬೆಳಗಾಗುವಷ್ಟರಲ್ಲಿ ಹೋದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ, ಕುಂಟುವಂತಾದರೆ ನಿಲ್ಲಿಸಿ. ಶಾಲೆಯ ಮೆಟ್ಟಿಲ ಹತ್ತಿರ ಗೋಡೆ ಹಿಡಿದು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದನ್ನು 15 ಸಲ ಮಾಡಿದರೆ ಮೀನಖಂಡ ಗಟ್ಟಿಯಾಗುತ್ತದೆ.

ಗುರುಗಳಲ್ಲಿ ಎರಡು ವಿನಂತಿ

ಪಿ.ಟಿ. ಮೇಷ್ಟ್ರಿಗೆ ಮತ್ತು ಎಲ್ಲ ಗುರುಗಳಿಗೆ ವಿನಯದಿಂದ ಕೇಳಿಕೊಳ್ಳುವುದೇನೆಂದರೆ, ಮುಂದಿನ ವರ್ಷದಿಂದ ಅಭ್ಯಾಸವನ್ನು ಜೂನ್ ತಿಂಗಳಲ್ಲೇ ವಾರಕ್ಕೆ ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿಸಿ. ನೋವು ಎಂದು ಹೇಳಿದವರ ಹೆಸರನ್ನು ಒಡನೆ ತೆಗೆಯದೆ, ಒಂದು ವಾರ ಬಿಟ್ಟು ಇನ್ನೊಂದು ಅವಕಾಶ ಕೊಡಿ. ಹಾಗಾದರೆ ಯಾರೂ ಮುಚ್ಚಿಡುವುದಿಲ್ಲ.

ನೆನಪಿಡಿ

ಅವಸರ ಬೇಡ. ಹೆಜ್ಜೆ ಚಿಕ್ಕದಿರಲಿ. ಹಿತವಾದ ಶೂ ಅಥವಾ ಅಭ್ಯಾಸವಾದ ಬರಿಗಾಲು. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಒಂದೇ ಬೆರಳ ಜಾಗದ ನೋವನ್ನು ಅವತ್ತೇ ಹೇಳಿ.

ಇಂದು ಸಂಜೆ ಮೈದಾನದಲ್ಲಿ ಹೆಜ್ಜೆ ಎಣಿಸುವ ಪರೀಕ್ಷೆ ಮಾಡೋಣ, ಗಡಿಯಾರ ಇರುವವರು ತನ್ನಿ. ನಿಮ್ಮ ನಿಮ್ಮ ಲೆಕ್ಕವನ್ನು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.

– ಒಂಬತ್ತನೇ ತರಗತಿಯ ಒಬ್ಬ ಓಟಗಾರ