ಯಂತ್ರಗಳ ಪತ್ರವ್ಯವಹಾರ: ರೆಸ್ಟ್ ಮತ್ತು ಸೋಪ್ ಪದ್ಧತಿಗಳ ವಿಚಾರ

ತಲೆಬರಹವನ್ನು ಕಂಡು ವಾಚಕರಲ್ಲಿ ಕೆಲವರು ನಗಬಹುದು. ರೆಸ್ಟ್ ಎಂದರೆ ವಿಶ್ರಾಂತಿ, ಸೋಪ್ ಎಂದರೆ ಸಾಬೂನು. ಪರೀಕ್ಷೆ ಸಮೀಪಿಸಿರುವಾಗ ಇವೆರಡರಲ್ಲಿ ಯಾವುದು ಮೇಲೆಂದು ಚರ್ಚಿಸುವವನಿಗೆ ಬೇರೆ ಕೆಲಸವಿಲ್ಲವೆಂದು ಅವರಿಗೆ ತೋರಬಹುದು. ಆದರೆ ಇಲ್ಲಿ ಹೇಳಹೊರಟಿರುವ ಸಂಗತಿಯೇ ಬೇರೆ. ಒಂದು ಕಚೇರಿಯ ಕಂಪ್ಯೂಟರು ಮತ್ತೊಂದು ಕಚೇರಿಯ ಕಂಪ್ಯೂಟರನ್ನು ಅಂತರಜಾಲದ ಮೂಲಕ ಏನನ್ನಾದರೂ ಕೇಳಬೇಕಾದರೆ, ಇಲ್ಲವೆ ಅದಕ್ಕೆ ಏನನ್ನಾದರೂ ತಿಳಿಸಬೇಕಾದರೆ, ಎರಡು ಕಡೆಯವರೂ ಒಪ್ಪಿದ ಒಂದು ರೀತಿ ಬೇಕಷ್ಟೆ. ಅದನ್ನೇ ವೆಬ್ ಸೇವೆಯ ಇಂಟರ್‌ಫೇಸ್ ಎನ್ನುತ್ತಾರೆ. ಅದನ್ನು ಕಟ್ಟುವುದಕ್ಕೆ ರೆಸ್ಟ್ ಮತ್ತು ಸೋಪ್ ಎಂಬ ಎರಡು ಪದ್ಧತಿಗಳು ಪ್ರಸಿದ್ಧವಾಗಿವೆ. ಬಿ.ಎ. ತರಗತಿಯ ವಿದ್ಯಾರ್ಥಿಗೆ ಇದರ ಗೊಡವೆ ಏಕೆ ಬಂತೆಂಬುದನ್ನು ಮೊದಲು ತಿಳಿಸಿ ಮುಂದುವರಿಯುತ್ತೇನೆ.

ಕಳೆದ ವರ್ಷ ಒಂದು ಶುಲ್ಕವನ್ನು ತುಂಬುವುದಕ್ಕಾಗಿ ನಾನೂ ನಮ್ಮ ತಂದೆಯವರೂ ಹಲಕುಂದಿಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋಗಿದ್ದೆವು. ಯಾವ ಶುಲ್ಕ, ಯಾವ ಜಾಲತಾಣ ಎಂಬುದು ಇಲ್ಲಿ ಬೇಡ. ಅಂದು ಕಡೆಯ ದಿನ. ತುಂಬಬೇಕಾದುದು ೯೪೦ ರೂಪಾಯಿ. ನಮ್ಮ ತಾಯಿಯವರು ಮೆಣಸಿನಕಾಯಿ ಬಿಡಿಸಿ ಕೂಡಿಸಿದ್ದ ೨,೦೦೦ ರೂಪಾಯಿಗಳನ್ನು ನನ್ನ ಖಾತೆಗೆ ಹಾಕಿದ್ದೆವು; ಶುಲ್ಕ ಕಳೆದು ಉಳಿದದ್ದು ವಾರದ ಸಂತೆಗೆ. ಪರದೆಯ ಮೇಲಿನ ಗುರುತಿಗೆ ಫೋನು ಹಿಡಿದು ಹಣ ಕಳುಹಿಸಿದೆ. ಚಕ್ರ ತಿರುಗಿತು, ತಿರುಗಿತು, ಕೊನೆಗೆ ‘ಸಮಯ ಮೀರಿದೆ’ ಎಂಬ ಬರಹ ಬಂತು. ಬ್ಯಾಂಕಿನಿಂದ ಸಂದೇಶವಿಲ್ಲ, ಖಾತೆಯ ಬಾಕಿಯನ್ನು ತೋರಿಸುವ ಪುಟವೂ ತೆರೆಯಲೊಲ್ಲದು.

“ರೊಕ್ಕ ಹೋತೋ, ಐತೋ?” ಎಂದು ತಂದೆಯವರು ಕೇಳಿದರು.

“ಗೊತ್ತಾಗವಲ್ದು ಮಾವ. ಇನ್ನೊಂದ್ ಸಲ ಒತ್ತಿ ನೋಡಾನು,” ಎಂದ ಅಂಗಡಿಯ ಹುಡುಗ.

ಒತ್ತಿದೆವು. ಈ ಸಲ ರಸೀತಿ ಬಂತು. ಸಂಜೆ ಬ್ಯಾಂಕಿನ ಎರಡು ಸಂದೇಶಗಳು ಒಟ್ಟಿಗೆ ಬಂದವು: ೯೪೦, ಮತ್ತೆ ೯೪೦. ಒಂದು ಮೊತ್ತ ಮರಳಿ ಬರುವುದಕ್ಕೆ ೨೩ ದಿನ ಹಿಡಿಯಿತು. ಆ ದಿನಗಳಲ್ಲಿ ಕಂಪ್ಯೂಟರ್ ಶಾಸ್ತ್ರ ಓದುತ್ತಿರುವ ಮಿತ್ರರ ಪುಸ್ತಕಗಳನ್ನು ತಡಕಾಡಿ ನಾನು ತಿಳಿದುಕೊಂಡದ್ದೇ ಈ ಲೇಖನದ ಬಂಡವಾಳ.

ಮೊದಲು ಸೋಪಿನ ವಿಚಾರ. ತಾಲ್ಲೂಕು ಕಚೇರಿಯ ಟಪಾಲು ವಿಭಾಗವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅರ್ಜಿ ಯಾವುದೇ ಇರಲಿ, ಪಹಣಿ ತಿದ್ದುಪಡಿಯದಾಗಲಿ ಪಿಂಚಣಿಯದಾಗಲಿ, ಬಂದು ಬೀಳುವುದು ಅದೇ ಒಂದು ಮೇಜಿನ ಮೇಲೆ. ಏನು ಬೇಕೆಂಬುದು ಲಕೋಟೆಯ ಒಳಗಿರುತ್ತದೆ. ಒಡೆದು ಓದಿದ ಮೇಲೆಯೇ ಯಾವ ಗುಮಾಸ್ತರ ಕೆಲಸವೆಂಬುದು ಗೊತ್ತಾಗುವುದು. ಸೋಪ್ ಪದ್ಧತಿಯಲ್ಲಿ ಸಂದೇಶಕ್ಕೆ ಹೆಸರೇ ‘ಎನ್ವಲಪ್’, ಅಂದರೆ ಲಕೋಟೆ. ಅದರೊಳಗೆ ‘ಹೆಡರ್’ ಎಂಬ ಭಾಗದಲ್ಲಿ ಸಹಿ, ಗುರುತು, ಸಾಗಣೆಯ ಸೂಚನೆಗಳು. ‘ಬಾಡಿ’ ಎಂಬ ಭಾಗದಲ್ಲಿ ನಿಜವಾದ ಒಕ್ಕಣೆ. ಎಲ್ಲವೂ ಎಕ್ಸ್‌ಎಂಎಲ್ ಎಂಬ ಲಿಪಿಕ್ರಮದಲ್ಲಿರಬೇಕು. ತಪ್ಪಾದರೆ ‘ಫಾಲ್ಟ್’ ಎಂಬ ಹಿಂಬರಹ ಬರುತ್ತದೆ. ಯಾವ ಅರ್ಜಿಯಲ್ಲಿ ಯಾವ ಕಲಂಗಳಿರಬೇಕೆಂಬ ಮಾದರಿ ನಮೂನೆಯನ್ನು ಡಬ್ಲ್ಯೂಎಸ್‌ಡಿಎಲ್ ಎಂಬ ಕಡತದಲ್ಲಿ ಮೊದಲೇ ಪ್ರಕಟಿಸಿರುತ್ತಾರೆ. ಅದನ್ನು ಓದಿ ಯಂತ್ರವೇ ಅರ್ಜಿಯನ್ನು ತಯಾರಿಸಿಕೊಳ್ಳಬಲ್ಲುದು. ಇದು ಸಾಮಾನ್ಯ ಅನುಕೂಲವಲ್ಲ. ೧೯೯೮ರಲ್ಲಿ ಡೇವ್ ವೈನರ್, ಡಾನ್ ಬಾಕ್ಸ್ ಮೊದಲಾದವರು ಮೈಕ್ರೋಸಾಫ್ಟ್ ಸಂಸ್ಥೆಗಾಗಿ ರೂಪಿಸಿದ ಈ ಪದ್ಧತಿಯ ೧.೨ನೆಯ ಆವೃತ್ತಿಯನ್ನು ೨೦೦೩ರಲ್ಲಿ ವಿಶ್ವವ್ಯಾಪಿ ಜಾಲದ ಒಕ್ಕೂಟವು ಅಂಗೀಕರಿಸಿತು. ಸೋಪ್ ಎಂಬುದರ ಮೊದಲಕ್ಷರ ‘ಸಿಂಪಲ್’, ಅಂದರೆ ಸರಳ ಎಂಬುದಾಗಿತ್ತು. ಆ ಆವೃತ್ತಿಯಲ್ಲಿ ಹೆಸರಿನ ವಿಸ್ತಾರವನ್ನು ಕೈಬಿಟ್ಟು ಬರಿಯ ಸೋಪ್ ಎಂದೇ ಉಳಿಸಿಕೊಂಡರು. ಅದರ ದಪ್ಪ ದಪ್ಪ ನಿಯಮಗ್ರಂಥಗಳನ್ನು ಕಂಡ ಮೇಲೆ ಅದು ನ್ಯಾಯವೆಂದೇ ನನಗೆ ತೋರುತ್ತದೆ.

ರೆಸ್ಟ್ ಪದ್ಧತಿಯು ಟಪಾಲು ವಿಭಾಗದಂತಲ್ಲ, ರೆಕಾರ್ಡು ಕೋಣೆಯಂತೆ. ಅಲ್ಲಿ ಒಂದೊಂದು ಸರ್ವೆ ನಂಬರಿಗೂ ತನ್ನದೇ ಆದ ಜಾಗವಿದೆ. ಜಾಗ ಗೊತ್ತಿದ್ದರೆ ಮಾಡಬಹುದಾದ ಕೆಲಸಗಳು ಬೆರಳೆಣಿಕೆಯಷ್ಟು: ತೋರಿಸು, ಹೊಸದನ್ನು ಸೇರಿಸು, ಈ ಜಾಗದಲ್ಲಿ ಇದನ್ನಿಡು, ತೆಗೆದುಹಾಕು. ಜಾಲದ ಭಾಷೆಯಲ್ಲಿ ಇವೇ ಗೆಟ್, ಪೋಸ್ಟ್, ಪುಟ್, ಡಿಲೀಟ್ ಎಂಬ ಕ್ರಿಯಾಪದಗಳು. ಕೇಳುವವನು ಪ್ರತಿ ಸಲವೂ ತನಗೆ ಬೇಕಾದುದನ್ನು ಪೂರ್ತಿಯಾಗಿ ಹೇಳಬೇಕು. ನಿನ್ನೆ ಬಂದಿದ್ದನೆಂಬುದನ್ನು ಗುಮಾಸ್ತ ನೆನಪಿಡುವುದಿಲ್ಲ. ಹೀಗಿರುವುದರಿಂದ ಒಬ್ಬ ಗುಮಾಸ್ತನ ಬದಲು ಹತ್ತು ಮಂದಿಯನ್ನು ಕೂರಿಸಿದರೂ ಯಾರ ಬಳಿಗೆ ಹೋದರೂ ಒಂದೇ. ೨೦೦೦ದಲ್ಲಿ ರಾಯ್ ಫೀಲ್ಡಿಂಗ್ ಎಂಬವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಗೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಈ ಹೆಸರನ್ನು ಬಳಸಿದರು. ಅವರು ಹೊಸದೊಂದು ಯಂತ್ರವನ್ನು ಕಂಡುಹಿಡಿಯಲಿಲ್ಲ. ಜಾಲವು ಯಾವ ಗುಣಗಳಿಂದ ಅಷ್ಟು ದೊಡ್ಡದಾಗಿ ಬೆಳೆಯಿತೆಂಬುದನ್ನು ವಿವರಿಸಿದರು. ಆದುದರಿಂದ ರೆಸ್ಟ್ ಎಂಬುದು ನಿಯಮಾವಳಿಗಿಂತ ಹೆಚ್ಚಾಗಿ ಒಂದು ಶೈಲಿ. ಶೈಲಿಗೆ ಒದಗುವ ದುರ್ಗತಿ ಇದಕ್ಕೂ ಒದಗಿತು. ಎಲ್ಲರೂ ತಮ್ಮದು ರೆಸ್ಟ್ ಎಂದು ಹೇಳಿಕೊಳ್ಳತೊಡಗಿದ್ದನ್ನು ನೋಡಿ ಫೀಲ್ಡಿಂಗ್ ಅವರೇ ೨೦೦೮ರಲ್ಲಿ ಬೇಸರದಿಂದ ಬರೆಯಬೇಕಾಯಿತು.

ಲೋಕದ ಒಲವು ಬೇಗನೆ ರೆಸ್ಟ್ ಕಡೆಗೆ ವಾಲಿತು. ಅಮೆಜಾನ್ ಸಂಸ್ಥೆ ಎರಡು ಬಾಗಿಲುಗಳನ್ನೂ ತೆರೆದಿಟ್ಟಿದ್ದಾಗ, ೨೦೦೩ರಲ್ಲಿ, ಬಳಕೆಯ ನೂರಕ್ಕೆ ೮೫ ಪಾಲು ರೆಸ್ಟ್ ಬಾಗಿಲಿನಿಂದಲೇ ನಡೆಯುತ್ತಿದ್ದಿತೆಂದು ವರದಿಯಾಗಿತ್ತು. ಆದರೆ ಹೆಚ್ಚು ಮಂದಿ ನಡೆದದ್ದೇ ದಾರಿಯೆನ್ನುವುದು ಶಾಸ್ತ್ರವಿಚಾರದಲ್ಲಿ ಸಲ್ಲದು. ನಮ್ಮ ತಂದೆಯವರ ಪ್ರಶ್ನೆಗೆ ಯಾವ ಪದ್ಧತಿ ಉತ್ತರ ಕೊಡಬಲ್ಲುದು? ನನ್ನ ಒರೆಗಲ್ಲು ಇದು.

ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾವು ಒಂದು ಕೋರಿಕೆಯನ್ನು ಕಳುಹಿಸಿದೆವು, ಉತ್ತರ ಬರಲಿಲ್ಲ ಎಂದಿಟ್ಟುಕೊಳ್ಳೋಣ. ಕೋರಿಕೆ ಹೋಗುವ ದಾರಿಯಲ್ಲೇ ಕಳೆದಿರಬಹುದು. ತಲುಪಿಯೂ ಆ ಕಚೇರಿಯ ಯಂತ್ರ ಕೆಟ್ಟು ಕೆಲಸ ನಿಂತಿರಬಹುದು. ಇಲ್ಲವೆ ಕೆಲಸವೆಲ್ಲ ಮುಗಿದು, ‘ಆಯಿತು’ ಎಂಬ ಉತ್ತರ ಮಾತ್ರ ಮರಳುವ ದಾರಿಯಲ್ಲಿ ಕಳೆದಿರಬಹುದು. ಕಳುಹಿಸಿ ಕುಳಿತವನಿಗೆ ಈ ಮೂರೂ ಒಂದೇ ರೂಪದಲ್ಲಿ ಕಾಣುತ್ತವೆ: ತಿರುಗುವ ಚಕ್ರ. ಎಷ್ಟು ಬುದ್ಧಿವಂತನಾದರೂ ತನ್ನ ಕಡೆಯಿಂದಷ್ಟೇ ನೋಡಿ ಇವನ್ನು ಬೇರ್ಪಡಿಸಲಾರ. ಅಂಗಡಿಯ ಹುಡುಗ “ಗೊತ್ತಾಗವಲ್ದು” ಎಂದದ್ದು ಅಜ್ಞಾನದಿಂದಲ್ಲ. ಅಂದು ಅಲ್ಲಿ ಆಡಿದ ಮಾತುಗಳಲ್ಲಿ ಅದೊಂದೇ ಶಾಸ್ತ್ರಸಮ್ಮತವಾದುದು. ತಪ್ಪಾದದ್ದು ಮರಳಿ ಒತ್ತಿದ್ದರಲ್ಲಿ. ಹಾಗಾದರೆ ಮರಳಿ ಒತ್ತಿದರೂ ಹಾನಿಯಾಗದಂತೆ ಕಟ್ಟಲಾಗುವುದಿಲ್ಲವೆ?

ಆಗುತ್ತದೆ. ಪಹಣಿಯನ್ನು ತೋರಿಸೆಂದು ಹತ್ತು ಸಲ ಕೇಳಿದರೂ ಹೊಲದ ಒಡೆತನ ಬದಲಾಗುವುದಿಲ್ಲ. ‘ಈ ಜಾಗದಲ್ಲಿ ಇದನ್ನಿಡು’ ಎಂದು ಹತ್ತು ಸಲ ಹೇಳಿದರೂ ಅಲ್ಲಿ ಕೊನೆಗೆ ಇರುವುದು ಒಂದೇ ಕಾಗದ. ತೆಗೆದುಹಾಕಿದ್ದನ್ನು ಮತ್ತೆ ತೆಗೆದುಹಾಕೆಂದರೆ ಹೆಚ್ಚೇನೂ ಆಗದು. ಗೆಟ್, ಪುಟ್, ಡಿಲೀಟ್ ಈ ಮೂರಕ್ಕೂ ಜಾಲದ ನಿಯಮಗ್ರಂಥವೇ ಈ ಗುಣವನ್ನು ವಿಧಿಸಿದೆ. ಪೋಸ್ಟ್ ಎಂಬುದಕ್ಕೆ ಮಾತ್ರ ಅಂಥ ಭರವಸೆಯಿಲ್ಲ. ಹತ್ತು ಸಲ ‘ಸೇರಿಸು’ ಎಂದರೆ ಹತ್ತು ಸೇರಬಹುದು. ಈಗ ಸೋಪಿನ ಲಕೋಟೆಗಳನ್ನು ನೋಡಿದರೆ, ಅವು ಜಾಲದ ಮೇಲೆ ಸಾಮಾನ್ಯವಾಗಿ ಸಾಗುವುದೆಲ್ಲ ಪೋಸ್ಟ್ ಮೂಲಕವೇ. ಪಹಣಿ ತೋರಿಸೆಂಬ ಕೋರಿಕೆಯೂ, ಹಣ ಕಡಿತ ಮಾಡೆಂಬ ಕೋರಿಕೆಯೂ ಹೊರಗಿನಿಂದ ಒಂದೇ ಬಗೆ. ಕಳೆದುಹೋದ ಲಕೋಟೆಯನ್ನು ಮತ್ತೆ ಕಳುಹಿಸಬಹುದೇ ಎಂಬುದು ದಾರಿಯಲ್ಲಿರುವ ಯಾವ ಯಂತ್ರಕ್ಕೂ ತಿಳಿಯದು. ಸೋಪಿನ ಪಕ್ಷದವರು ಇದನ್ನರಿತು ಸಂದೇಶಗಳಿಗೆ ಕ್ರಮಸಂಖ್ಯೆ ಕೊಟ್ಟು ಒಮ್ಮೆ ಮಾತ್ರ ತಲುಪಿಸುವ ಉಪನಿಯಮವೊಂದನ್ನು ಕಟ್ಟಿದರು. ಅದು ೨೦೦೭ರಲ್ಲಿ ಅಂಗೀಕಾರವಾಯಿತು. ಬಳಸಿದರೆ ಉಪಯೋಗವುಂಟು, ಆದರೆ ಎರಡು ಕಡೆಯವರೂ ಬಳಸಬೇಕು.

ಇನ್ನು ನಮ್ಮ ನಾಡಿನ ಉದಾಹರಣೆಯೊಂದನ್ನು ಹಿಡಿದು ನೋಡೋಣ. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯದ ‘ಭೂಮಿ’ ಯೋಜನೆಯು ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ರೈತ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತು ೧೫ ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದ. ಕ್ರಮೇಣ ಕಿಟಕಿಯ ಮುಂದೆ ಮನುಷ್ಯರ ಜೊತೆಗೆ ಯಂತ್ರಗಳೂ ಬಂದು ನಿಂತವು. ಸಾಲ ಕೊಡುವ ಬ್ಯಾಂಕಿಗೆ ಪಹಣಿ ಬೇಕು. ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ ಹೊಲದ ಕ್ರಯಪತ್ರವಾದರೆ ಅದರ ‘ಜೆ ಸ್ಲಿಪ್’ ಮ್ಯುಟೇಷನ್ನಿಗಾಗಿ ಭೂಮಿಗೆ ಬರಬೇಕು. ಇವುಗಳ ನಡುವಿನ ಇಂಟರ್‌ಫೇಸನ್ನು ಹೊಸದಾಗಿ ಕಟ್ಟೆಂದು ನಮ್ಮ ಕೈಗೇ ಕೊಟ್ಟರೆ ಏನು ಮಾಡುವುದು?

ಪಹಣಿ ನೋಡುವ ಕೆಲಸಕ್ಕೆ ನಾನು ಎರಡನೆಯ ಯೋಚನೆಯಿಲ್ಲದೆ ರೆಸ್ಟ್ ಎನ್ನುತ್ತೇನೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂಬ ಕ್ರಮ ಕಂದಾಯ ಇಲಾಖೆಯವರು ಬಹುಕಾಲದ ಹಿಂದೆಯೇ ಹಾಕಿಟ್ಟದ್ದು. ಅದನ್ನೇ ಜಾಲದ ವಿಳಾಸವಾಗಿ ಬರೆದರೆ ಆಯಿತು. ಇಂಥ ಹಿಸ್ಸಾ ಇಲ್ಲವೆನ್ನುವುದಕ್ಕೆ ೪೦೪ ಎಂಬ ಸಂಕೇತ ಸಿದ್ಧವಾಗಿಯೇ ಇದೆ. ಇದಕ್ಕೆ ಲಕೋಟೆ, ಅರಗು, ಮುದ್ರೆ ಎಂದು ಕುಳಿತರೆ ಊರ ಅಂಗಡಿಯ ದುರ್ಬಲವಾದ ಸಿಗ್ನಲ್ಲಿಗೆ ವೃಥಾ ಭಾರ.

ಜೆ ಸ್ಲಿಪ್ಪಿನ ಮಾತು ಹಾಗಲ್ಲ. ಅದು ಹಕ್ಕನ್ನು ಬದಲಿಸುವ ಕಾಗದ. ಯಾರು ಕಳುಹಿಸಿದರು, ದಾರಿಯಲ್ಲಿ ಯಾರಾದರೂ ತಿದ್ದಿದರೆ ಎಂಬುದಕ್ಕೆ ನಾಳೆ ನ್ಯಾಯಾಲಯದಲ್ಲಿಯೂ ಉತ್ತರ ಬೇಕು. ಸೋಪಿನವರ ಮುಖ್ಯವಾದ ವಾದ ಇಲ್ಲಿಯೇ ಇದೆ, ಅದು ಹಗುರವಾದುದಲ್ಲ. ಎಚ್‌ಟಿಟಿಪಿಎಸ್ ಎಂಬ ಭದ್ರತೆಯು ದಾರಿಯನ್ನು ಕಾಯುತ್ತದೆ, ಕಾಗದವನ್ನಲ್ಲ. ದಾರಿ ಮುಗಿದು ಕಾಗದ ಮೇಜಿನ ಮೇಲೆ ಬಿದ್ದಮೇಲೆ ಅದರ ರಕ್ಷಣೆ ಇಲ್ಲ. ೨೦೦೪ರಲ್ಲಿ ಅಂಗೀಕೃತವಾದ ಸೋಪಿನ ಭದ್ರತಾ ನಿಯಮವು ಸಹಿಯನ್ನು ಲಕೋಟೆಯೊಳಗೇ ಇಡುತ್ತದೆ. ಅದು ನಾಲ್ಕು ಕೈ ದಾಟಿದರೂ ಸಹಿ ಜೊತೆಯಲ್ಲೇ ಇರುತ್ತದೆ.

ಹಾಗಾದರೆ ಇಂಥಲ್ಲಿ ಸೋಪೇ ಗತಿಯೇ? ನಮ್ಮ ದೇಶದ ಎರಡು ದೊಡ್ಡ ವ್ಯವಸ್ಥೆಗಳು ಬೇರೆ ಉತ್ತರ ಕೊಟ್ಟಿವೆ. ಆಧಾರ್ ದೃಢೀಕರಣದ ಕೋರಿಕೆಯು ಕೇಳುವ ಸಂಸ್ಥೆಯಿಂದ ಹೊರಟು ಮಧ್ಯವರ್ತಿ ಸಂಸ್ಥೆಯೊಂದನ್ನು ದಾಟಿ ಪ್ರಾಧಿಕಾರವನ್ನು ಸೇರುತ್ತದೆ. ಹೀಗಿರುವುದರಿಂದ ವ್ಯಕ್ತಿಯ ವಿವರಗಳನ್ನು ಮಧ್ಯದವರು ಓದಲಾಗದಂತೆ ಗೂಢಲಿಪಿಯಲ್ಲಿ ಮುಚ್ಚಿ, ಇಡೀ ಎಕ್ಸ್‌ಎಂಎಲ್ ಕಾಗದಕ್ಕೆ ಡಿಜಿಟಲ್ ಸಹಿ ಹಾಕಿ ಕಳುಹಿಸುತ್ತಾರೆ. ಆದರೆ ಸೋಪಿನ ಲಕೋಟೆಯಿಲ್ಲ. ಸಾದಾ ಜಾಲದ ಮೇಲೆ, ಹಿಂದಿನದನ್ನು ನೆನಪಿಡದ ಕೋರಿಕೆಯಾಗಿ ಅದು ಹೋಗುತ್ತದೆ. ೨೦೧೬ರಲ್ಲಿ ಆರಂಭವಾದ ಯುಪಿಐ ಕೂಡ ಹಾಗೆಯೇ: ಸಹಿ ಮಾಡಿದ ಎಕ್ಸ್‌ಎಂಎಲ್, ಲಕೋಟೆಯಿಲ್ಲ. ಇವನ್ನು ಅಪ್ಪಟ ರೆಸ್ಟ್ ಎಂದರೆ ಫೀಲ್ಡಿಂಗ್ ಒಪ್ಪಲಾರರು. ಸೋಪಿನಿಂದ ಸಹಿಯನ್ನೂ ರೆಸ್ಟಿನಿಂದ ಹಗುರತನವನ್ನೂ ತೆಗೆದುಕೊಂಡ ಸಂಸಾರಸ್ಥರ ಬುದ್ಧಿ ಇದು. ನನಗಂತೂ ಹಿಡಿಸಿತು.

ಯುಪಿಐ ಕ್ರಮದಲ್ಲಿ ನನ್ನ ಗಮನವನ್ನು ಸೆಳೆದದ್ದು ಇನ್ನೊಂದು ಅಂಶ. ಅಲ್ಲಿ ಹಣ ಕಳುಹಿಸೆಂಬ ಸಂದೇಶ ಹೊರಡುವಾಗಲೇ ಕಳುಹಿಸುವವರು ಅದಕ್ಕೊಂದು ಸಂಖ್ಯೆ ಕೊಟ್ಟಿರುತ್ತಾರೆ. ‘ಮುಟ್ಟಿತು’ ಎಂಬ ಸ್ವೀಕೃತಿ ಮೊದಲು, ‘ಆಯಿತು’ ಇಲ್ಲವೆ ‘ಆಗಲಿಲ್ಲ’ ಎಂಬ ಉತ್ತರ ಆಮೇಲೆ. ಉತ್ತರ ಬರದಿದ್ದರೆ, ಆ ಸಂಖ್ಯೆಯ ವ್ಯವಹಾರ ಏನಾಯಿತೆಂದು ವಿಚಾರಿಸುವುದಕ್ಕಾಗಿಯೇ ಪ್ರತ್ಯೇಕ ಸಂದೇಶವೊಂದನ್ನು ಇಟ್ಟಿದ್ದಾರೆ. “ರೊಕ್ಕ ಹೋತೋ, ಐತೋ?” ಎಂಬುದನ್ನೇ ಯಂತ್ರಗಳು ಹೀಗೆ ಕೇಳಿಕೊಳ್ಳುತ್ತವೆ.

ಹಾಗಿದ್ದೂ ನಮ್ಮ ಹಣ ಎರಡು ಸಲ ಹೋದದ್ದು ಹೇಗೆ? ಸಂಖ್ಯೆ ಹುಟ್ಟಿದ್ದು ಗುಂಡಿ ಒತ್ತಿದಾಗ. ಅರ್ಜಿ ಹುಟ್ಟಿದಾಗ ಅಲ್ಲ. ಎರಡನೆಯ ಸಲ ಒತ್ತಿದೊಡನೆ ಆ ಜಾಲತಾಣವು ಹೊಸ ಸಂಖ್ಯೆಯೊಂದನ್ನು ಮಾಡಿತು. ಮುಂದಿನ ಯಂತ್ರಗಳಿಗೆ ಕಂಡದ್ದು ಬೇರೆ ಬೇರೆ ಸಂಖ್ಯೆಯ ಎರಡು ಆಜ್ಞೆಗಳು. ಅವು ಎರಡನ್ನೂ ನಿಷ್ಠೆಯಿಂದ ನೆರವೇರಿಸಿದವು. ಅರ್ಜಿ ತುಂಬಲು ಕುಳಿತಾಗಲೇ ಅದಕ್ಕೊಂದು ಶಾಶ್ವತ ಸಂಖ್ಯೆಯನ್ನು ಕೊಟ್ಟು, ‘ಈ ಸಂಖ್ಯೆಯ ಜಾಗದಲ್ಲಿ ಈ ಪಾವತಿಯನ್ನಿಡು’ ಎಂದು ಪುಟ್ ಮಾಡಿದ್ದರೆ, ನಾವು ಎಷ್ಟು ಸಲ ಒತ್ತಿದರೂ ೯೪೦ ಮಾತ್ರ ಹೋಗುತ್ತಿತ್ತು. ಪರದೆಯ ಮೇಲೆ ‘ಸಮಯ ಮೀರಿದೆ’ ಎನ್ನುವ ಬದಲು ೨೦೨ ಎಂಬ ಸಂಕೇತದ ಅರ್ಥವನ್ನು ಕನ್ನಡದಲ್ಲಿ ಹಾಕಬಹುದಾಗಿತ್ತು: ಕೋರಿಕೆ ಮುಟ್ಟಿದೆ, ಕೆಲಸ ಇನ್ನೂ ಮುಗಿದಿಲ್ಲ, ಈ ವಿಳಾಸದಲ್ಲಿ ಬಂದು ನೋಡಿ. ಜೆ ಸ್ಲಿಪ್ಪಿಗೂ ನಾನು ಇದನ್ನೇ ಸೂಚಿಸುತ್ತೇನೆ. ಕ್ರಯಪತ್ರಕ್ಕೆ ನೋಂದಣಿ ಸಂಖ್ಯೆ ಹೇಗೂ ಇದೆ. ಅದನ್ನೇ ವಿಳಾಸವಾಗಿಟ್ಟು, ಸಹಿ ಮಾಡಿದ ಕಾಗದವನ್ನು ಅಲ್ಲಿ ಪುಟ್ ಮಾಡುವುದು.

ಹೊಸದಾಗಿ ಕಟ್ಟುವವರಿಗೆ ನನ್ನ ಓಟು ಹೀಗೆ ರೆಸ್ಟಿಗೆ. ಆದರೆ ಎದುರು ಕಡೆಯ ಬ್ಯಾಂಕೋ ವಿಮಾ ಸಂಸ್ಥೆಯೋ ಈಗಾಗಲೇ ಸೋಪಿನ ನಮೂನೆಯನ್ನು ಪ್ರಕಟಿಸಿ, ಸಹಿ, ಕ್ರಮಸಂಖ್ಯೆಗಳ ಸಮೇತ ಸರಿಯಾಗಿ ನಡೆಸುತ್ತಿದ್ದರೆ, ಹೊಸದರ ಮೋಹಕ್ಕೆ ಅದನ್ನು ಕಿತ್ತುಹಾಕಬಾರದು. ಸಂಖ್ಯೆಯ ವಿಚಾರ ಮಾಡದೆ ಪೋಸ್ಟ್ ಒಂದನ್ನೇ ನಂಬಿದ ರೆಸ್ಟಿಗಿಂತ ಅಂಥ ಸೋಪ್ ಎಷ್ಟೋ ಮೇಲು.

ಹಣ ಮರಳಿದ ದಿನ ಬಂದ ಇಂಗ್ಲಿಷ್ ಸಂದೇಶವನ್ನು ನಾನು ಮನೆಯಲ್ಲಿ ಕನ್ನಡಿಸಿ ಓದಿದೆ. “ತಿರುಗಿ ಬಂದಿದ್ದು ಮೊದಲನೇದೋ, ಎರಡನೇದೋ?” ಎಂದು ತಂದೆಯವರು ಕೇಳಿದರು. ಬ್ಯಾಂಕಿನ ಎರಡು ಸಂದೇಶಗಳಲ್ಲಿದ್ದ ಎರಡು ಸಂಖ್ಯೆಗಳನ್ನೂ ಹಿಡಿದು ರಸೀತಿಯನ್ನು ತೆರೆದು ನೋಡಿದೆ. ರಸೀತಿಯಲ್ಲಿದ್ದುದು ಮೂರನೆಯ ಸಂಖ್ಯೆ.