ನೀರು: ಅದರ ಗುಣ, ಸಂಚಾರ ಮತ್ತು ನಮ್ಮ ಆರೋಗ್ಯ

ಸಂಸ್ಕೃತದಲ್ಲಿ ನೀರಿಗಿರುವ ಹಲವು ಹೆಸರುಗಳಲ್ಲಿ ‘ಜೀವನ’ ಎಂಬುದೂ ಒಂದು. ಅಮರಕೋಶವೂ ಅದನ್ನು ಹೇಳುತ್ತದೆ. ವಯಸ್ಕ ಮಾನವನ ದೇಹತೂಕದಲ್ಲಿ ಸುಮಾರು ಶೇಕಡಾ 60ರಷ್ಟು ನೀರೇ ಆಗಿರುವುದನ್ನು ನೆನೆದರೆ ಈ ಹೆಸರು ಎಷ್ಟು ಅನ್ವರ್ಥಕವೆಂಬುದು ತಿಳಿಯುತ್ತದೆ. ಆದರೆ ಜೀವವನ್ನು ಪೊರೆಯುವ ಇದೇ ನೀರು ಕಾಲರಾ, ವಿಷಮಶೀತಜ್ವರ, ಕಾಮಾಲೆಗಳನ್ನೂ ಮನೆಯೊಳಕ್ಕೆ ತರಬಲ್ಲದು. ಈ ಎರಡು ಮುಖಗಳಿಗೂ ಕಾರಣವು ನೀರಿನ ಗುಣಧರ್ಮದಲ್ಲಿಯೇ ಅಡಗಿದೆ.

ಗುಣಧರ್ಮಗಳು

ಎರಡು ಜಲಜನಕ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಕೂಡಿ ನೀರಿನ ಒಂದು ಅಣುವಾಗುತ್ತದೆ. ಈ ಅಣುಗಳು ಒಂದನ್ನೊಂದು ಬಲವಾಗಿ ಸೆಳೆದುಕೊಳ್ಳುತ್ತವೆ. ಆದುದರಿಂದ ಅವುಗಳನ್ನು ಬೇರ್ಪಡಿಸಿ ಆವಿಯಾಗಿಸಲು ಅಧಿಕ ಶಾಖ ಬೇಕು. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಬೆವರು ಆರುವಾಗ ದೇಹದ ಕಾವು ಇಳಿಯುವುದೂ, ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದರಿಂದಲೇ.

ಆರೋಗ್ಯದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ದ್ರಾವಕಗುಣ. ರಕ್ತವು ಆಹಾರಸತ್ವವನ್ನು ಒಯ್ಯುವುದೂ, ಮೂತ್ರವು ದೇಹದ ಕಲ್ಮಷವನ್ನು ಹೊರಹಾಕುವುದೂ ನೀರಿನ ಈ ಶಕ್ತಿಯಿಂದ. ಆದರೆ ನೀರಿಗೆ ಒಳಿತು ಕೆಡುಕುಗಳ ವಿವೇಚನೆಯಿಲ್ಲ. ಉಪ್ಪು ಸಕ್ಕರೆಗಳಂತೆ ಕಾರ್ಖಾನೆಯ ಎಷ್ಟೋ ರಾಸಾಯನಿಕಗಳನ್ನೂ ಅದು ಕರಗಿಸಿಕೊಳ್ಳುತ್ತದೆ, ರೋಗಾಣುಗಳನ್ನೂ ಹೊತ್ತೊಯ್ಯುತ್ತದೆ.

ಜಲಚಕ್ರ

ಭೂಮಿಯ ಮೇಲಿನ ನೀರಿನಲ್ಲಿ ಸುಮಾರು ಶೇಕಡಾ 97 ಭಾಗ ಸಮುದ್ರದ ಉಪ್ಪುನೀರು. ಸೂರ್ಯನ ಶಾಖಕ್ಕೆ ಅದು ಆವಿಯಾಗುವಾಗ ಉಪ್ಪು ಕೆಳಗೇ ಉಳಿಯುತ್ತದೆ. ಸಿಹಿನೀರು ಮಾತ್ರ ಮೇಲೇರುತ್ತದೆ. ಅರಬ್ಬೀ ಸಮುದ್ರದ ಈ ಆವಿಯನ್ನು ನೈಋತ್ಯ ಮಾರುತಗಳು ಹೊತ್ತು ತಂದು ಸಹ್ಯಾದ್ರಿಗೆ ಬಡಿಯುತ್ತವೆ. ಗಾಳಿ ಮೇಲೇರಿ ತಂಪಾದಂತೆ ಆವಿಯು ಮಳೆಯಾಗಿ ಸುರಿಯುತ್ತದೆ.

ಲೋಣಾವಳದ ಸುತ್ತಣ ಬೆಟ್ಟಸಾಲು ಈ ಮಳೆನೀರನ್ನು ಎರಡಾಗಿ ಹಂಚುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿಗಳು ಉಲ್ಹಾಸ್ ನದಿಯಾಗಿ ಕರ್ಜತ್, ಬದ್ಲಾಪುರ, ಕಲ್ಯಾಣಗಳ ಬಳಿ ಹರಿದು ವಸಾಯಿ ಖಾಡಿಯನ್ನು ಸೇರುತ್ತವೆ. ಪೂರ್ವಕ್ಕೆ ಬಿದ್ದವು ಇಂದ್ರಾಯಣಿ ಮತ್ತು ಭೀಮೆಯರೊಡನೆ ಕಲಬುರಗಿಯ ನಾಡನ್ನು ಹಾಯ್ದು, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಸಾಗುತ್ತವೆ.

ಮಾನವನು ಈ ಹಂಚಿಕೆಯನ್ನೂ ತುಸು ಬದಲಿಸಿದ್ದಾನೆ. ಇಂದ್ರಾಯಣಿಯ ಉಪನದಿಯಾದ ಆಂಧ್ರಾಕ್ಕೆ ಠೋಕರವಾಡಿಯಲ್ಲಿ ಅಣೆಕಟ್ಟು ಕಟ್ಟಿ, ಆ ನೀರನ್ನು ಪಶ್ಚಿಮದ ಇಳಿಜಾರಿಗೆ ತಿರುಗಿಸಲಾಯಿತು. 1922ರಲ್ಲಿ ಆರಂಭವಾದ ಭಿವಪುರಿಯ ಟಾಟಾ ವಿದ್ಯುದಾಗಾರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಬಳಿಕ ಅದು ಉಲ್ಹಾಸನ್ನು ಸೇರುತ್ತದೆ. ಬೇಸಗೆಯಲ್ಲಿ ಉಲ್ಹಾಸ್ ಬತ್ತದಂತೆ ಕಾಯುವುದು ಈ ನೀರು ಮತ್ತು ಬಾರವಿ ಅಣೆಕಟ್ಟಿನ ನೀರು. ಕಲ್ಯಾಣ-ಡೊಂಬಿವಲಿಗಳು ಕುಡಿಯುವುದು ಮುಖ್ಯವಾಗಿ ಈ ನದಿಯನ್ನೇ. ಭೀಮಾತೀರದಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ಕುಟುಂಬದ ಕೊಡದಲ್ಲಿ ಭೀಮೆಯನ್ನು ಸೇರಬೇಕಾಗಿದ್ದ ಹನಿಗಳೂ ಇರುತ್ತವೆ! ಥಾಣೆಗೆ ಉಲ್ಹಾಸ್ ಹಾಗೂ ಭಾತ್ಸಾ ನದಿಗಳ, ನವಿಮುಂಬಯಿಗೆ ಖಾಲಾಪುರದ ಬಳಿಯ ಮೋರ್ಬೆ ಅಣೆಕಟ್ಟಿನ ನೀರು ಒದಗುತ್ತದೆ. ಎಲ್ಲಕ್ಕೂ ಮೂಲ ಸಹ್ಯಾದ್ರಿಯ ಮಳೆಯೇ.

ಮಲಿನತೆ ಮತ್ತು ರೋಗ

ಸೂರ್ಯನು ಶುದ್ಧಗೊಳಿಸಿ ಕಳುಹಿದ ನೀರು ನೆಲಕ್ಕಿಳಿದ ಮೇಲೆ ಮಲಿನವಾಗುತ್ತದೆ. ಅಂಬರನಾಥ, ಉಲ್ಹಾಸನಗರಗಳ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವಾಲಧುನಿಯು ಕಲ್ಯಾಣದಲ್ಲಿ ಉಲ್ಹಾಸಿಗೆ ಕೂಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಹಾಸ್ ಉಕ್ಕಿ ಬದ್ಲಾಪುರ, ಕಲ್ಯಾಣಗಳು ಜಲಾವೃತವಾದವು. ಆ ಬಳಿಕ ಮುಂಬಯಿಯಲ್ಲಿ ಇಲಿಜ್ವರ ಹಬ್ಬಿತು. ನೆರೆನೀರಿನಲ್ಲಿ ಬೆರೆತ ಇಲಿಮೂತ್ರದ ರೋಗಾಣುಗಳು ಕಾಲಿನ ಗಾಯಗಳ ಮೂಲಕ ದೇಹವನ್ನು ಹೊಗುತ್ತವೆ.

ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ನಿರ್ದೋಷವಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ, ಅದಕ್ಕೆ ಒಂದು ಬೀದಿಪಂಪಿನ ನೀರೇ ಕಾರಣವೆಂದು ಡಾ. ಜಾನ್ ಸ್ನೋ ತೋರಿಸಿಕೊಟ್ಟರು. ಇಂದಿಗೂ ನೀರು ನಿಂತು ನಿಂತು ಬರುವ ನಗರಗಳಲ್ಲಿ ಬರಿದಾದ ಕೊಳವೆಯ ಬಿರುಕುಗಳಿಂದ ಚರಂಡಿಯ ನೀರು ಒಳಸೇರುವ ಭಯವಿದೆ.

ಪಾಲಿಸಬೇಕಾದ ನಿಯಮಗಳು

1. ಮಳೆಗಾಲದಲ್ಲಿ ಕುಡಿಯುವ ನೀರನ್ನು ಕನಿಷ್ಠ ಒಂದು ನಿಮಿಷ ಮರಳಿ ಕುದಿಸಿ, ಮುಚ್ಚಿಡಬೇಕು. ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆಯಬೇಕು.
2. ಕಟ್ಟಡದ ಟಾಂಕಿಗಳನ್ನು ಕಾಲಕಾಲಕ್ಕೆ ತೊಳೆಯಿಸಬೇಕು.
3. ಡೆಂಗೆ ಜ್ವರದ ಸೊಳ್ಳೆ ಶುದ್ಧ ನೀರಿನಲ್ಲಿಯೇ ಮೊಟ್ಟೆಯಿಡುವುದರಿಂದ ತೆರೆದ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ಒಣಗಿಸಬೇಕು.
4. ಭೇದಿಯಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಆಗಾಗ ಕುಡಿಸಬೇಕು. ಚಹಾದ ಚಿಕ್ಕ ಚಮಚವನ್ನೇ ಬಳಸಬೇಕು. ವೈದ್ಯರನ್ನು ಕಾಣಲು ತಡಮಾಡಬಾರದು.

ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಕರಗಿದ ರಾಸಾಯನಿಕ ವಿಷ ಹೋಗುವುದಿಲ್ಲ. ಅದಕ್ಕೆ ಅಡಿಗೆಮನೆಯಲ್ಲಿ ಮದ್ದಿಲ್ಲ, ನದಿಯಲ್ಲಿಯೇ ತಡೆಯಬೇಕು. ಇಂದು ಚರಂಡಿಗೆ ಚೆಲ್ಲಿದುದು ನಾಳೆ ಯಾರದೋ ಕೊಡಕ್ಕೆ ಬರುತ್ತದೆಂಬ ಅರಿವೇ ಜಲಚಕ್ರವು ಕಲಿಸುವ ಮೊದಲ ಆರೋಗ್ಯಪಾಠ.