ಪೇಶ್ವೆ ದಫ್ತರ: ದಾಖಲೆ ಮತ್ತು ಓದುವ ಹಕ್ಕು

ಸರಕಾರಿ ದಾಖಲೆಗೆ ಎರಡು ಮುಖಗಳಿವೆ. ಆಳುವವರಿಗೆ ಅದು ಆಡಳಿತದ ಸಾಧನ. ಪ್ರಜೆಗೆ ಅದು ಹಕ್ಕಿನ ಆಧಾರ. ಇವೆರಡರ ನಡುವಣ ಅಂತರವನ್ನು ಅರಿಯಲು ಪುಣೆಯ ಪೇಶ್ವೆ ದಫ್ತರದ ಇತಿಹಾಸವು ಉತ್ತಮ ನಿದರ್ಶನವಾಗಿದೆ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡಾಗ ಅವರ ಕಂದಾಯ, ಇನಾಮು ಮೊದಲಾದ ಕಾಗದಪತ್ರಗಳು ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಧಾರವಾಡದ ಸೀಮೆಯೂ ಪೇಶ್ವೆಯರ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಈ ದಫ್ತರವು ಕನ್ನಡ ನಾಡಿನ ಚರಿತ್ರೆಗೂ ಆಕರವಾಗಿದೆ. 1852ರ 11ನೆಯ ಕಾಯ್ದೆಯಂತೆ ಇನಾಮ್ ಆಯೋಗವು ದಖ್ಖನ್ ಹಾಗೂ ದಕ್ಷಿಣ ಮರಾಠಾ ಪ್ರಾಂತದ ಇನಾಮುಗಳನ್ನು ವಿಚಾರಣೆಗೆ ಎತ್ತಿಕೊಂಡಾಗ ಈ ಕಾಗದಗಳ ಬಲವು ಪ್ರಕಟವಾಯಿತು. ತಲೆಮಾರುಗಳಿಂದ ಭೂಮಿಯನ್ನು ಅನುಭವಿಸುತ್ತ ಬಂದವನು ತನ್ನ ಹಕ್ಕನ್ನು ಆಧಾರಪತ್ರಗಳಿಂದ ಸ್ಥಾಪಿಸಬೇಕಾಯಿತು. ಅವನ್ನು ತಾಳೆ ನೋಡುವ ದಫ್ತರವಾದರೋ ಸರಕಾರದ ಕೈಯಲ್ಲಿತ್ತು. ವಿಚಾರಣೆ ನಡೆಸುವವನೇ ದಾಖಲೆಯ ಒಡೆಯನೂ ಆಗಿದ್ದನು.

ವಿದ್ವಾಂಸರಿಗೂ ಈ ದಫ್ತರವು ದೀರ್ಘಕಾಲ ಮುಕ್ತವಾಗಿರಲಿಲ್ಲ. ವಿ. ಕಾ. ರಾಜವಾಡೆಯವರು ಮನೆಮನೆಗಳಲ್ಲಿ ಉಳಿದಿದ್ದ ಪತ್ರಗಳನ್ನು ಅರಸಿ, 1898ರಿಂದ ಮರಾಠರ ಇತಿಹಾಸದ ಸಾಧನಗಳನ್ನು ಸಂಪುಟಗಳಾಗಿ ಪ್ರಕಟಿಸತೊಡಗಿದರು. 1930ರ ದಶಕದ ಆರಂಭದಲ್ಲಿ ಗೋ. ಸ. ಸರದೇಸಾಯಿಯವರ ಸಂಪಾದಕತ್ವದಲ್ಲಿ ದಫ್ತರದ ಆಯ್ದ ಪತ್ರಗಳು 45 ಸಂಪುಟಗಳಲ್ಲಿ ಬೆಳಕು ಕಂಡವು. ಇದು ಮಹತ್ತ್ವದ ಕಾರ್ಯ. ಆದರೂ ಆಯ್ಕೆಯೆಂಬುದು ಸಂಪಾದಕನ ದೃಷ್ಟಿಗೆ ಅಧೀನವಾದುದು. ಒಂದು ಗ್ರಾಮದ ಲೆಕ್ಕವನ್ನು ಅರಸುವವನು ಮೂಲಕ್ಕೇ ಹೋಗಬೇಕು.

ಸ್ವತಂತ್ರ ಭಾರತದಲ್ಲಿ ಕಾನೂನಿನ ದೃಷ್ಟಿ ಬದಲಾಗಿದೆ. ಕೇಂದ್ರ ಸರಕಾರದ ದಾಖಲೆಗಳ ರಕ್ಷಣೆಗೆ 1993ರಲ್ಲಿ ಸಾರ್ವಜನಿಕ ದಾಖಲೆಗಳ ಕಾಯ್ದೆ ಬಂದಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣವು ದಾಖಲೆಗಳಿಗೆ ಸೂಚಿ ಸಿದ್ಧಪಡಿಸಿ ಇಡುವುದನ್ನು ಕಚೇರಿಗಳ ಕರ್ತವ್ಯವನ್ನಾಗಿ ಮಾಡಿದೆ. ಸೂಚಿಯಿಲ್ಲದ ಕಡೆ ಕೇಳುವ ಹಕ್ಕಿದ್ದೂ ಏನನ್ನು ಕೇಳಬೇಕೆಂಬುದೇ ತಿಳಿಯದು.

ಸೂಚಿಯ ಆಚೆಗೆ ಇನ್ನೊಂದು ಬಾಗಿಲಿದೆ, ಅದು ಲಿಪಿ. ರುಮಾಲುಗಳಲ್ಲಿ ಕಟ್ಟಿಟ್ಟಿರುವ ಪೇಶ್ವೆ ದಫ್ತರದ ಕಾಗದಗಳು ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿವೆ. ಇಪ್ಪತ್ತನೆಯ ಶತಮಾನದಲ್ಲಿ ಆ ಲಿಪಿಯು ಬಳಕೆಯಿಂದ ಸರಿದು, ಅದನ್ನು ಓದಬಲ್ಲವರು ವಿರಳರಾದರು. ಕಾನೂನು ತೆರೆದ ಕಾಗದವನ್ನು ಅಜ್ಞಾನವು ಮತ್ತೆ ಮುಚ್ಚಬಹುದು. ಮರಾಠಿಯ ಪರಿಸರದಲ್ಲಿಯೇ ಬೆಳೆಯುವ ಮುಂಬಯಿ, ಪುಣೆಗಳ ಕನ್ನಡ ವಿದ್ಯಾರ್ಥಿಗೆ ಮೋಡಿಯ ಅಭ್ಯಾಸವು ಅಸಾಧ್ಯವಲ್ಲ. ಹಳಗನ್ನಡದ ಶಾಸನಪಾಠದಂತೆ ಅದೂ ಅಧ್ಯಯನದ ಅಂಗವಾದಲ್ಲಿ, ಉತ್ತರ ಕರ್ನಾಟಕದ ಹಳ್ಳಿಗಳ ಚರಿತ್ರೆಯನ್ನು ಮೂಲದಿಂದಲೇ ಬರೆಯುವುದು ಸಾಧ್ಯವಾದೀತು.